ವೆಂಟಿಲೇಟರ್‌ನಿಂದ ಹೊರಬಂದ ಮೇಲೆ ವಿಶ್ರಾಂತಿಯೋ, ವ್ಯಾಯಾಮವೋ?

ವೈರಾಣು ನ್ಯುಮೋನಿಯಾದಿಂದಾಗಿ 12 ದಿನ ವೆಂಟಿಲೇಟರ್‌ನಲ್ಲಿದ್ದ ನಿಮ್ಮ ತಂದೆಯವರು, ಸೋಂಕು ವಾಸಿಯಾದರೂ ಕುರ್ಚಿಯಿಂದ ಏಳಲು ಕಷ್ಟಪಡುತ್ತಿದ್ದಾರೆ, ಇನ್ನಷ್ಟು ವಿಶ್ರಾಂತಿ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಬರಿಯ ವಿಶ್ರಾಂತಿ ಸಾಲದು ಎಂದೇ ನನ್ನ ಅಭಿಪ್ರಾಯ. ತೀವ್ರ ನಿಗಾ ಘಟಕದಲ್ಲಿ ಮಲಗಿದವರ ಸ್ನಾಯುಗಳು, ಅದರಲ್ಲೂ ತೊಡೆಯವು, ಮೊದಲ ವಾರದಲ್ಲೇ ಕರಗತೊಡಗುತ್ತವೆ. ಉಸಿರಾಟದ ಕೆಲಸವನ್ನು ಯಂತ್ರ ವಹಿಸಿಕೊಂಡಿದ್ದರಿಂದ ವಪೆಯೂ (ಎದೆ ಮತ್ತು ಹೊಟ್ಟೆಯ ನಡುವೆ ಇರುವ, ಉಸಿರಾಟ ನಡೆಸುವ ಸ್ನಾಯು) ದುರ್ಬಲವಾಗಿರುತ್ತದೆ.

ವೈದ್ಯರ ಒಪ್ಪಿಗೆ ಪಡೆದು ಫಿಸಿಯೋಥೆರಪಿ ಆರಂಭಿಸಿ. ಮೊದಲ ಪಾಠ ತೀರ ಸರಳ: ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ತುಸು ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಮೇಲೇಳುವುದು. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಆದರೆ ವ್ಯಾಯಾಮ ಮಾಡಿದ ಮರುದಿನ ಅಥವಾ ಅದರಾಚೆಯ ದಿನ ಅವರು ಹಾಸಿಗೆ ಹಿಡಿಯುವಷ್ಟು ಬಳಲಿದರೆ, ಅದನ್ನು ಸೋಮಾರಿತನವೆಂದು ಭಾವಿಸಿ ಹುರಿದುಂಬಿಸದೆ (ಮನೆಯವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ), ಪ್ರಮಾಣವನ್ನು ತಗ್ಗಿಸಿ ತಜ್ಞರಿಗೆ ತಿಳಿಸುವುದು ಒಳಿತು.

ನೀವು ಕೇಳದ ಮತ್ತೊಂದು ವಿಷಯ: ಉಸಿರಾಟಕ್ಕಾಗಿ ಗಂಟಲಿಗೆ ಹಾಕಿದ್ದ ಕೊಳವೆಯನ್ನು ತೆಗೆದ ನಂತರ ಕೆಲವರಿಗೆ ನುಂಗುವುದು ಕಷ್ಟವಾಗುತ್ತದೆ. ನೀರು ಕುಡಿಯುವಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಅಥವಾ ದನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಕೇಳಿಸಿದರೆ, ನುಂಗುವಿಕೆಯ ಪರೀಕ್ಷೆಯನ್ನೂ ಮಾಡಿಸಿ.