ಮಗ ಐಐಟಿ ಬೇಡ ಅಂದುಬಿಟ್ಟ. ಈ ಬೇಜಾರಿನಿಂದ ಹೊರಬರುವುದು ಹೇಗೆ?

ಠಾಣೆಯಿಂದ ಬರೆದ ಅಕ್ಕ, ಹನ್ನೊಂದನೇ ಕ್ಲಾಸಿನ ಮಗ ಐಐಟಿ ಸೇರಲು ಬರೆಯುವ ಜೆಇಇ ಪರೀಕ್ಷೆಯ ಕೋಚಿಂಗ್ ಅರ್ಧಕ್ಕೆ ಬಿಟ್ಟು ಕಾಮರ್ಸ್ ಓದ್ತೀನಿ ಅಂತಾನೆ, ಅವನ ಮುಖ ನೋಡಿದರೆ ಸಿಟ್ಟು ಬರುತ್ತದೆ, ನಾನು ಕೆಟ್ಟ ತಾಯಿಯಾ ಅಂತ ಕೇಳಿದ್ದೀರಿ. ಅಲ್ಲ. ಪವಾಯಿ ಕಡೆ ಬಸ್ಸು ಹೋದಾಗಲೆಲ್ಲ ಅವನಿಗೆ ಐಐಟಿ ಗೇಟು ತೋರಿಸಿದ್ದೀರಂತೆ. ಅಷ್ಟು ವರ್ಷ ಸಾಕಿದ ಆಸೆ, ಬೇಜಾರಾಗದೆ ಇರುತ್ತದಾ? "ಮಕ್ಕಳ ಖುಷಿಯೇ ನಮ್ಮ ಖುಷಿ" ಅಂತ ನಗುತ್ತಾ ಓಡಾಡಿ ಅಂತ ನಾನಂತೂ ಹೇಳುವುದಿಲ್ಲ. ಆ ನಗು ಎಷ್ಟು ನಿಜ ಅಂತ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ನಮ್ಮ ಮನೆಯದು ಹೇಳುತ್ತೇನೆ. ಅಪ್ಪಯ್ಯ ಕುಂದಾಪುರ ಕಡೆಯಿಂದ ಚಿಕ್ಕ ಹುಡುಗನಾಗಿ ಮುಂಬೈಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಮೆಟ್ರಿಕ್ ಪಾಸಾದರು. ಆಮೇಲೆ ಗುಮಾಸ್ತರಾದರು. ನಾನು ಬ್ಯಾಂಕಿಗೆ ಸೇರಿದೆ. ಮೊಮ್ಮಗಳು ಡಾಕ್ಟರ್ ಅಂತ ಅವರ ಲೆಕ್ಕ. ಅವಳು ನೋಡಿದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತೀನಿ, ದಾದರಿನ ಐಎಚ್‌ಎಂಗೆ ಎಂಟ್ರೆನ್ಸ್ ಬರೀತೀನಿ ಅಂದಳು. 1954ರಿಂದ ಇರುವ ಸಂಸ್ಥೆ, ಹೆಸರಿದೆ ಅಂತೆಲ್ಲ ನಾನು ಹೇಳುತ್ತಿದ್ದೆ. ಅಪ್ಪಯ್ಯ ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದರು: "ನಾ ಎಂಜಲು ಬಟ್ಲ್ ತೊಳ್ದದ್ದ್ ಇವ್ಳ್ ತಿರ್ಗಿ ಅಲ್ಲಿಗೇ ಹೋಪುಕಾ?"

ಅವರ ಕಣ್ಣಮುಂದೆ ಇದ್ದದ್ದು ಮೊಮ್ಮಗಳಲ್ಲ. ಭಟ್ಟಿಯ ಪಕ್ಕ ಗೋಣಿಚೀಲ ಹಾಸಿ ಮಲಗಿದ್ದ ಆ ಹುಡುಗ. ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಸಂಬಳ ಎಷ್ಟಿತ್ತು ಅಜ್ಜಯ್ಯ, ರಜೆ ಕೊಡ್ತಿದ್ರಾ ಅಂತ ಒಂದೊಂದೇ ಕೇಳುತ್ತಾ ಹೋದಳು. ಅವರು ಹೇಳುತ್ತಾ ಹೋದರು. ಒಪ್ಪಿದರು ಅಂತಲ್ಲ. ಈಗಲೂ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಯಾರಾದರೂ ಕೇಳಿದರೆ "ಬಿಎಸ್‌ಸಿ ಮಾಡ್ತಿದ್ಲ್" ಅನ್ನುತ್ತಾರೆ. ಸುಳ್ಳೇನಲ್ಲ ಬಿಡಿ, ಆ ಡಿಗ್ರಿ ಬಿಎಸ್‌ಸಿಯೇ. ಆದರೆ ಅವಳ ಮೇಲಿನ ಸಿಟ್ಟು ಇಳಿಯಿತು.

ನಿಮ್ಮ ಪ್ರಶ್ನೆಯಲ್ಲೂ ನಡುವೆ ಒಂದು ಸಾಲು ಇದೆ. ನಿಮಗೇ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಹಾಸ್ಟೆಲ್ ಬೇಡ ಅಂತ ಮನೆಯಲ್ಲಿ ಕಳಿಸಲಿಲ್ಲ ಅಂತ. ಆ ನೋವು ನಿಮ್ಮ ಮಗನಿಗಿಂತ ಹಳೆಯದು. ಅದನ್ನು ಗಂಡನ ಹತ್ತಿರ, ಅಕ್ಕತಂಗಿಯರ ಹತ್ತಿರ ಹೇಳಿಕೊಂಡು ಅತ್ತುಬಿಡಿ. ಮಗನಿಗೂ ಒಂದು ದಿನ ಕಥೆಯಾಗಿ ಹೇಳಿ, ತಪ್ಪಿಲ್ಲ. "ನಾನು ಓದಲಿಲ್ಲ, ನೀನಾದರೂ" ಅಂತ ಮಾತ್ರ ಮುಗಿಸಬೇಡಿ. ಹಾಗೆ ಮುಗಿಸಿದರೆ ಅದು ಕಥೆಯಲ್ಲ, ಅವನ ಮೇಲಿನ ಸಾಲ.

ಇನ್ನೊಂದು ಮಾತು. ಐಐಟಿ ತಪ್ಪುವುದು ದೊಡ್ಡ ಸೋಲು ಅನ್ನುವ ಹಾಗೆ ಬರೆದಿದ್ದೀರಿ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಜಾಸ್ತಿ. ಎಲ್ಲ ಐಐಟಿ ಸೇರಿ ಇದ್ದ ಸೀಟು 17,740. ಉಳಿದವರೂ ಯಾರದೋ ಮನೆಯ ಜಾಣ ಮಕ್ಕಳೇ ಅಲ್ವಾ?

ಅವನು ಬಿಟ್ಟದ್ದು ಯಾಕೆ ಅಂತ ಮಾತ್ರ ಸರಿಯಾಗಿ ಕೇಳಿ. ಕಾಮರ್ಸ್ ಇಷ್ಟ ಅಂತ ಬಿಟ್ಟರೆ ಒಂದು ಥರ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಗೆಳೆಯರ ಜೊತೆಗೂ ಮಾತಿಲ್ಲ ಅಂದರೆ ಅದು ಬೇರೆಯೇ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ಫೋನ್ ನಂಬರ್ 14416. ಪುಕ್ಕಟೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಅವನೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು.

ದುಡ್ಡಿನ ವಿಷಯ. ವರ್ಷದ ಫೀಸು ನೀರಿಗೆ ಹೋಯಿತು ಅಂತ ಅವನೆದುರು ದಿನಾ ಹೇಳುವ ಬದಲು ಕೋಚಿಂಗ್‌ನವರನ್ನು ಕೇಳಿ. ಪೂರ್ತಿ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಸು 10 ದಿನದೊಳಗೆ ವಾಪಸ್ ಕೊಡಬೇಕು ಅಂತ ಕೇಂದ್ರ ಶಿಕ್ಷಣ ಇಲಾಖೆಯ 2024ರ ಜನವರಿಯ ಮಾರ್ಗಸೂಚಿಯಲ್ಲಿದೆ. ಮಾರ್ಗಸೂಚಿ ತಾನೇ ಅಂತ ಅವರು ಜಗ್ಗಾಡಬಹುದು. ಬಾಯಿಮಾತಲ್ಲಿ ಕೇಳಬೇಡಿ, ರಶೀದಿಯ ಜೆರಾಕ್ಸ್ ಇಟ್ಟು ಅರ್ಜಿ ಬರೆದುಕೊಡಿ, ನಿಮ್ಮ ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಳ್ಳಿ.