8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ಓಡುತ್ತದಾ?

ಓಡುತ್ತದೆ. (ಎಮ್ಯುಲೇಟರ್ ಅಂದರೆ ಕಂಪ್ಯೂಟರ್ ಒಳಗೇ ಓಡುವ ನಕಲಿ ಆಂಡ್ರಾಯ್ಡ್ ಫೋನ್.) ರ‍್ಯಾಮ್ ಹಾಕಿಸೋಕೆ ಅಂಗಡಿಗೆ ಹೋಗುವ ಮುಂಚೆ ಇದನ್ನು ಓದಿ.

ಮಂಡ್ಯದಲ್ಲಿ ಕೂತು ಕಾಲೇಜು ಪ್ರಾಜೆಕ್ಟ್‌ಗೆ ಬಸ್ ಆ್ಯಪ್ ಮಾಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ವಿಂಡೋಸ್ ಲ್ಯಾಪ್‌ಟಾಪ್, ಟೆಸ್ಟ್ ಮಾಡೋಕೆ ಬೇರೆ ಫೋನ್ ಇಲ್ಲ, ಎಮ್ಯುಲೇಟರ್ ಶುರು ಮಾಡಿದರೆ ಲೋಗೋ ಹತ್ತಿರವೇ ನಿಂತುಬಿಡುತ್ತದೆ, ಅಲ್ವಾ? ನಾನು ಮೈಸೂರಿನಲ್ಲಿ ಮನೆಯಿಂದಲೇ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಮೊದಲ ಸಲ ನನ್ನದೂ ಇದೇ ಪಾಡು. ಎರಡು ದಿನ ಸುಮ್ನೆ ಹಾಳಾಯಿತು. ಕೊನೆಗೆ ನೋಡಿದರೆ ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ ಸೆಟ್ಟಿಂಗ್ಸ್ ಪುಟವಾದ ಬಯೋಸ್‌ನಲ್ಲಿ ಒಂದು ಆಯ್ಕೆ ಆಫ್ ಇತ್ತು, ಅಷ್ಟೇ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಕೆಳಗೆ ವರ್ಚುಯಲೈಜೇಶನ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸೋಕೆ ಸಿಪಿಯು ಕೊಡುವ ಸೌಲಭ್ಯ) ಎದುರು ಡಿಸೇಬಲ್ಡ್ ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಅನ್ನುವ ಹೆಸರಲ್ಲಿ ಬಯೋಸ್‌ನಲ್ಲಿ ಇರುತ್ತದೆ, ಆನ್ ಮಾಡಿ. ಆಮೇಲೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಹಳೇ ವಿಡಿಯೋಗಳಲ್ಲಿ ಎಮ್ಯುಲೇಟರ್ ವೇಗ ಹೆಚ್ಚಿಸುವ ಹ್ಯಾಕ್ಸ್‌ಎಂ ಹಾಕಿ ಅನ್ನುತ್ತಾರೆ. ಅದನ್ನು ಇಂಟೆಲ್‌ನವರೇ 2023ರಲ್ಲಿ ಕೈಬಿಟ್ಟರು, ಅದರ ಹಿಂದೆ ಬೀಳಬೇಡಿ.

ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋದ ಡಿವೈಸ್ ಮ್ಯಾನೇಜರ್‌ನಲ್ಲಿ ದೊಡ್ಡ ಸ್ಕ್ರೀನಿನ ಹೊಸ ಫೋನ್ ಆರಿಸಿಕೊಳ್ಳುವ ಆಸೆ ಬೇಡ. ಚಿಕ್ಕದು ಸಾಕು, ಅದಕ್ಕೆ 2 ಜಿಬಿ ರ‍್ಯಾಮ್ ಕೊಡಿ. ಸಿಸ್ಟಮ್ ಇಮೇಜ್ (ಆ ಫೋನಿನೊಳಗಿನ ಆಂಡ್ರಾಯ್ಡ್) ಎಕ್ಸ್86-64, ಅಂದರೆ ಇಂಟೆಲ್, ಎಎಂಡಿ ಸಿಪಿಯುಗಳದ್ದು, ಇರಲಿ. ಆ್ಯಪ್ ಬಿಲ್ಡ್ ಆದ ಮೇಲೆ ಆಂಡ್ರಾಯ್ಡ್ ಸ್ಟುಡಿಯೋ ಮುಚ್ಚಿಬಿಡಿ. ಕಮಾಂಡ್ ಪ್ರಾಂಪ್ಟ್‌ನಿಂದ ಎಮ್ಯುಲೇಟರ್ ಮಾತ್ರ ಓಡಿಸಿ, ಎಪಿಕೆ ಫೈಲನ್ನು (ಬಿಲ್ಡ್ ಆಗಿ ಬಂದ ನಿಮ್ಮ ಆ್ಯಪ್) ಎಳೆದು ಅದರ ಮೇಲೆ ಬಿಟ್ಟರೆ ಇನ್‌ಸ್ಟಾಲ್ ಆಗುತ್ತದೆ. 8 ಜಿಬಿಯವರಿಗೆ ಇದರಷ್ಟು ಉಪಕಾರ ಮಾಡುವ ಉಪಾಯ ಬೇರೆ ಇಲ್ಲ. ನಿಮ್ಮ ಸರ್ವರ್ ಅದೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಲೋಕಲ್‌ಹೋಸ್ಟ್ (ಅಂದರೆ ‘ಇದೇ ಯಂತ್ರ’) ಬದಲು ಆ್ಯಪ್‌ನಲ್ಲಿ 10.0.2.2 ಬರೆಯಿರಿ. ಎಮ್ಯುಲೇಟರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಎಮ್ಯುಲೇಟರೇ.

ನಿಮ್ಮದು ಬಸ್ ಆ್ಯಪ್ ಅಲ್ವಾ. ಶುರುವಿನಲ್ಲಿ ಮ್ಯಾಪ್ ನಿಮ್ಮನ್ನು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ನಿಲ್ಲಿಸುತ್ತದೆ, ಹೆದರಬೇಡಿ. ಪಕ್ಕದ ಮೂರು ಚುಕ್ಕಿ ಒತ್ತಿ, ಲೊಕೇಶನ್‌ನಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ಒಂದು ದಾರಿ ಹಾಕಿ ಪ್ಲೇ ಮಾಡಿ. ಕೂತಲ್ಲೇ ಬಸ್ ಹೊರಡುತ್ತದೆ, ವೇಗವನ್ನೂ ಏರಿಸಬಹುದು. ನಾನೂ ಇಂಥದ್ದೇ ಒಂದು ಆ್ಯಪನ್ನು ಹೀಗೆ ಓಡಿಸುತ್ತಿದ್ದಾಗ ನಿಲ್ದಾಣದ ಬಟನ್ ಮೇಲೆ ‘ಶ್ರೀರಂಗಪಟಣ’ ಅಂತ ಕಂಡಿತು. ಕೋಡ್ ಹುಡುಕಿದೆ, ಸ್ಪೆಲಿಂಗ್ ಸರಿಯಾಗೇ ಇದೆ! ಬಟನ್ ಎತ್ತರ ಇಷ್ಟೇ ಅಂತ ಕಟ್ಟಿಹಾಕಿದ್ದರಿಂದ ಟಕಾರದ ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಮಾಡಿ, ಅಕ್ಷರದ ಗಾತ್ರ ಪೂರ್ತಿ ಜಾಸ್ತಿ ಮಾಡಿ, ಒಂದೊಂದು ಪುಟವನ್ನೂ ನೋಡಿ. ನಮ್ಮೂರಲ್ಲಿ ವಯಸ್ಸಾದವರ ಫೋನ್ ಇರುವುದೇ ಹಾಗೆ.

ಒಂದು ಕೆಲಸ ಮಾತ್ರ ಇದರಿಂದ ಆಗುವುದಿಲ್ಲ. ಎಮ್ಯುಲೇಟರ್‌ನಲ್ಲಿ ಇರುವುದು ಗೂಗಲ್‌ನ ಸಾದಾ ಆಂಡ್ರಾಯ್ಡ್. ಬ್ಯಾಟರಿ ಉಳಿಸೋಕೆ ಅಂತ ಫೋನ್ ಕಂಪನಿಗಳು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುವ ಚಾಳಿ ಅದಕ್ಕಿಲ್ಲ. ‘ನಿಮ್ಮ ನಿಲ್ದಾಣ ಬಂತು’ ಅನ್ನುವ ಅಲಾರಂ ನನ್ನ ಎಮ್ಯುಲೇಟರ್‌ನಲ್ಲಿ ಹತ್ತಕ್ಕೆ ಹತ್ತು ಸಲ ಹೊಡೆದಿತ್ತು. ಚಿಕ್ಕಪ್ಪನ ಫೋನಿಗೆ ಹಾಕಿಕೊಂಡು ನಿಜವಾದ ಬಸ್ ಹತ್ತಿದೆ. ಮಂಡ್ಯ ಬಂದು, ಇಳಿದು, ಕಾಫಿ ಕುಡಿಯುವವರೆಗೂ ಅದು ಹೊಡೆಯಲೇ ಇಲ್ಲ. ಆದ್ದರಿಂದ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ವಾರ ಮನೆಯವರದ್ದೋ ಪಕ್ಕದ ಮನೆಯವರದ್ದೋ ಎರಡು ಮೂರು ಬೇರೆ ಬೇರೆ ಕಂಪನಿಯ ಫೋನ್ ಇಸ್ಕೊಂಡು ಒಂದು ದಿನ ಇಟ್ಟು ನೋಡಿ.