ಗುಡ್ಡೆ ಲೆಕ್ಕದ ದೇಶದಲ್ಲಿ ಬೆಳವಣಿಗೆಯ ದರ

ನಿಮ್ಮ ಪತ್ರ ತಲುಪಿತು. ಘಾನಾದ ರಾಜಧಾನಿ ಅಕ್ರಾದಲ್ಲಿ ಸಿಕ್ಕಿರುವ ಕೆಲಸಕ್ಕೆ ಬರಬಹುದೇ ಎಂದು ಕೇಳಿದ್ದೀರಿ. ಈ ದೇಶದ ಅರ್ಥವ್ಯವಸ್ಥೆ 2024ರಲ್ಲಿ ಶೇಕಡಾ 5.7ರಷ್ಟು ಬೆಳೆಯಿತೆಂಬ ಸುದ್ದಿಯನ್ನು ನಂಬಬಹುದೇ ಎಂದೂ, 2022ರ ಡಿಸೆಂಬರ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿದ ದೇಶ ಅಷ್ಟು ಬೇಗ ಹೇಗೆ ಬೆಳೆದೀತು ಎಂದೂ ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಉಳಿದೆರಡರೊಳಗೇ ಇರುವುದರಿಂದ ಅವುಗಳಿಂದಲೇ ಆರಂಭಿಸುತ್ತೇನೆ. ನಾನು ಅರ್ಥಶಾಸ್ತ್ರಜ್ಞನಲ್ಲ, 2008ರಲ್ಲಿ ಗೇರುಬೀಜದ ಖರೀದಿಗೆಂದು ಮಂಗಳೂರಿನಿಂದ ಬಂದು ತೇಮಾ ಎಂಬ ಬಂದರು ಪಟ್ಟಣದಲ್ಲಿ ನೆಲೆ ನಿಂತವನು. ಆದರೆ ಈ ದೇಶದ ಲೆಕ್ಕ ಬರೆಯುವವರಿಗೆ ಎದುರಾಗುವ ತೊಡಕುಗಳೇ ನನ್ನ ದಿನದ ಕೆಲಸದಲ್ಲೂ ಎದುರಾಗುತ್ತವೆ, ಹಾಗಾಗಿ ಎರಡು ಮಾತು ಹೇಳುವ ಧೈರ್ಯ ಮಾಡುತ್ತಿದ್ದೇನೆ.

2010ರ ನವೆಂಬರ್‌ನಲ್ಲಿ ಇಲ್ಲಿನ ಸರಕಾರಿ ಅಂಕಿಅಂಶ ಸಂಸ್ಥೆಯಾದ ಘಾನಾ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಒಂದು ಪ್ರಕಟಣೆ ಹೊರಡಿಸಿ, ದೇಶದ ಒಟ್ಟು ಉತ್ಪನ್ನ ತಾವು ಇದುವರೆಗೆ ಹೇಳುತ್ತಿದ್ದುದಕ್ಕಿಂತ ಸುಮಾರು ಶೇಕಡಾ 60ರಷ್ಟು ದೊಡ್ಡದೆಂದು ತಿಳಿಸಿತು. ತಲಾ ಆದಾಯ 750 ಡಾಲರಿನ ಆಸುಪಾಸಿನಿಂದ ಒಂದೇ ಏಟಿಗೆ 1,300 ಡಾಲರಿನ ಆಸುಪಾಸಿಗೆ ಏರಿತು. ಮರುವರ್ಷ ವಿಶ್ವ ಬ್ಯಾಂಕು ಘಾನಾವನ್ನು ಬಡ ದೇಶಗಳ ಪಟ್ಟಿಯಿಂದ ತೆಗೆದು ಕೆಳಮಧ್ಯಮ ಆದಾಯದ ದೇಶಗಳ ಸಾಲಿಗೆ ಸೇರಿಸಿತು. ನಮ್ಮ ಗೋದಾಮಿನ ಕಾವಲುಗಾರ ರೇಡಿಯೋದಲ್ಲಿ ಇದನ್ನು ಕೇಳಿಸಿಕೊಂಡು, ಹಾಗಾದರೆ ತನ್ನ ಪಾಲು ಯಾವ ಕಚೇರಿಯಲ್ಲಿ ಸಿಗುತ್ತದೆಂದು ನಗುತ್ತಲೇ ವಿಚಾರಿಸಿದ್ದ. ನಡೆದದ್ದು ಮೋಸವೂ ಅಲ್ಲ, ಪವಾಡವೂ ಅಲ್ಲ. ಅಲ್ಲಿಯವರೆಗೆ ಲೆಕ್ಕ ನಡೆಯುತ್ತಿದ್ದದ್ದು 1993ನ್ನು ಆಧಾರ ವರ್ಷವಾಗಿ ಇಟ್ಟುಕೊಂಡು. ಆ ವರ್ಷ ಯಾವ ಕಸುಬು ಎಷ್ಟು ದೊಡ್ಡದಿತ್ತೋ ಅದಕ್ಕೆ ತಕ್ಕ ತೂಕ ಕೊಟ್ಟು, ಮುಂದಿನ ಹದಿನೇಳು ವರ್ಷ ಅದೇ ತೂಕದ ಮೇಲೆ ಅಳೆಯುತ್ತಾ ಬಂದಿದ್ದರು. 1993ರಲ್ಲಿ ಮೊಬೈಲ್ ಫೋನು ಶ್ರೀಮಂತರ ಆಟಿಕೆ, ಖಾಸಗಿ ಬ್ಯಾಂಕುಗಳು ಬೆರಳೆಣಿಕೆಯಷ್ಟು. ಆಧಾರವನ್ನು 2006ಕ್ಕೆ ಸರಿಸಿದಾಗ ಬಿಟ್ಟುಹೋಗಿದ್ದ ಸೇವಾವಲಯವೆಲ್ಲ ಒಟ್ಟಿಗೆ ಲೆಕ್ಕಕ್ಕೆ ಬಂತು. ಕೃಷಿಯೇ ಪ್ರಧಾನವೆಂದುಕೊಂಡಿದ್ದ ದೇಶದ ಅರ್ಧದಷ್ಟು ಉತ್ಪನ್ನ ಸೇವೆಗಳಿಂದ ಬರುತ್ತಿದೆಯೆಂದು ತಿಳಿಯಿತು. 2018ರಲ್ಲಿ ಆಧಾರವನ್ನು ಮತ್ತೆ 2013ಕ್ಕೆ ಸರಿಸಿದಾಗ ಇನ್ನೊಂದು ಕಾಲು ಪಾಲು ಸೇರಿತು. ನೈಜೀರಿಯಾದ್ದು ಇನ್ನೂ ದೊಡ್ಡ ಕಥೆ: 2014ರ ಏಪ್ರಿಲ್‌ನಲ್ಲಿ ಆಧಾರವನ್ನು 1990ರಿಂದ 2010ಕ್ಕೆ ತಂದ ಆ ದೇಶ ಶೇಕಡಾ 89ರಷ್ಟು ಹಿಗ್ಗಿ, ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿ ಖಂಡದ ಮೊದಲ ಸ್ಥಾನಕ್ಕೆ ಬಂದು ಕೂತಿತು. ನಮ್ಮವರು ಇದನ್ನು ಕಂಡು ನಗಬೇಕಾಗಿಲ್ಲ. 2015ರ ಜನವರಿಯಲ್ಲಿ ಭಾರತ ಆಧಾರ ವರ್ಷ ಬದಲಿಸಿದಾಗ 2013-14ರ ಬೆಳವಣಿಗೆ 4.7ರಿಂದ 6.9ಕ್ಕೆ ಜಿಗಿದದ್ದು ನಿಮಗೆ ನೆನಪಿರಬಹುದು.

ಆದ್ದರಿಂದ ಶೇಕಡಾ ಇಷ್ಟು ಎಂಬ ಸುದ್ದಿ ಓದಿದಾಗ, ಯಾವ ವರ್ಷದ ತಕ್ಕಡಿಯಲ್ಲಿ ತೂಗಿದ್ದು ಎಂಬುದನ್ನು ಮೊದಲು ನೋಡಿ. ತಕ್ಕಡಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಅದರ ಮೇಲೆ ಇಡುವ ವಸ್ತು.

ಅಕ್ರಾದ ಮಕೋಲಾ ಮಾರುಕಟ್ಟೆಗೆ ಒಮ್ಮೆ ಬಂದರೆ ನಿಮಗೆ ನಮ್ಮ ಊರಿನ ಸಂತೆಯೇ ಕಣ್ಣಿಗೆ ಬೀಳುತ್ತದೆ. ಟೊಮೆಟೊವನ್ನು ಕಿಲೋ ಲೆಕ್ಕದಲ್ಲಿ ಯಾರೂ ಮಾರುವುದಿಲ್ಲ. ಗುಡ್ಡೆ ಹಾಕಿ ಮಾರುತ್ತಾರೆ. ಜೋಳ, ಅವರೆಯ ಜಾತಿಯ ಕಾಳು, ಗೆಣಸಿನ ಹಿಟ್ಟು ಮುಂತಾದವನ್ನು ಅಳೆಯುವುದು ಒಲೊಂಕ ಎಂಬ ದೊಡ್ಡ ತಗಡಿನ ಡಬ್ಬಿಯಲ್ಲಿ, ನಮ್ಮ ಸೇರು-ಪಾವಿನಂತೆ. ತುಂಬಿದ ಮೇಲೆ ಗೋಪುರದ ಹಾಗೆ ಏರಿಸಿ ಕೊಡುವುದುಂಟು, ಕೊಸರು ಕೇಳುವುದೂ ಉಂಟು. ಪ್ರತಿ ತಿಂಗಳು ಬೆಲೆ ಬರೆದುಕೊಳ್ಳಲು ಬರುವ ಅಂಕಿಅಂಶ ಸಂಸ್ಥೆಯ ಹುಡುಗರ ಪಾಡನ್ನು ಈಗ ಊಹಿಸಿಕೊಳ್ಳಿ. ಮಳೆ ಕಡಿಮೆಯಾದಾಗ, ಅಥವಾ ಬುರ್ಕಿನಾ ಫಾಸೋ ಕಡೆಯಿಂದ ಟೊಮೆಟೊ ಲಾರಿಗಳು ತಡವಾದಾಗ, ಮಾರುವಾಕೆ ಗುಡ್ಡೆಯ ಬೆಲೆಯನ್ನು ಮುಟ್ಟುವುದೇ ಇಲ್ಲ. ಕೆಳಗಿನ ಸಾಲಿನಿಂದ ಎರಡು ಹಣ್ಣನ್ನು ಸದ್ದಿಲ್ಲದೆ ತೆಗೆದು, ಮೇಲಿನ ಸಾಲನ್ನು ಮೊದಲಿನಂತೆಯೇ ಚೆಂದವಾಗಿ ಜೋಡಿಸಿಡುತ್ತಾಳೆ. ಗುಡ್ಡೆಯನ್ನು ತೂಗದೆ ಬರೀ ಬೆಲೆ ಬರೆದುಕೊಂಡು ಹೋದವನ ಪುಸ್ತಕದಲ್ಲಿ ಆ ತಿಂಗಳು ಬೆಲೆ ಏರಿಯೇ ಇಲ್ಲ. ಇದು ಬರೀ ಅಡುಗೆಮನೆಯ ಮಾತಲ್ಲ. ಬೆಳವಣಿಗೆಯ ದರವೆಂದರೆ ಹಣದ ಲೆಕ್ಕದಲ್ಲಿ ಕಂಡ ಏರಿಕೆಯಿಂದ ಬೆಲೆಯೇರಿಕೆಯ ಪಾಲನ್ನು ತೆಗೆದ ಮೇಲೆ ಉಳಿಯುವ ಸಂಖ್ಯೆಯಾದ್ದರಿಂದ, ಬೆಲೆಯೇರಿಕೆ ಕಣ್ಣು ತಪ್ಪಿಸಿದಷ್ಟೂ ಬೆಳವಣಿಗೆ ಹೆಚ್ಚಾಗಿ ಕಾಣುತ್ತದೆ. 2022ರ ಡಿಸೆಂಬರ್‌ನಂತೆ ಹಣದುಬ್ಬರ ಶೇಕಡಾ 54 ದಾಟಿದಾಗಲಂತೂ ಈ ಕಳೆಯುವ ಲೆಕ್ಕ ಎಷ್ಟು ಸೂಕ್ಷ್ಮವಾಗಿ ನಡೆಯಬೇಕೆಂದು ಯೋಚಿಸಿ.

ಹೊಲದ ಲೆಕ್ಕ ಇನ್ನೂ ಕಷ್ಟ. ಇಲ್ಲಿನ ಮುಖ್ಯ ಆಹಾರಗಳಲ್ಲೊಂದಾದ ಮರಗೆಣಸನ್ನು ಕೊಯ್ಲು ಎಂದು ಒಂದು ದಿನ ಗೊತ್ತು ಮಾಡಿ ಕೀಳುವುದಿಲ್ಲ. ಅದು ನೆಲದಡಿಯಲ್ಲೇ ಉಗ್ರಾಣದಂತೆ ಇರುತ್ತದೆ, ಬೇಕಾದ ದಿನ ಬೇಕಾದಷ್ಟು ಅಗೆದು ತರುತ್ತಾರೆ, ಪಕ್ಕದಲ್ಲೇ ಬಾಳೆಯೂ ಮೆಣಸಿನಕಾಯಿಯೂ ಬೆರೆತು ಬೆಳೆಯುತ್ತವೆ. ಮನೆಮಂದಿ ತಿಂದದ್ದಕ್ಕೆ ರಸೀದಿ ಇಲ್ಲ. ಕೋಕೋ ಮಾತ್ರ ಇದಕ್ಕೆ ಅಪವಾದ. ಕಾನೂನಿನ ಪ್ರಕಾರ ಕೊನೆಗೆ ಎಲ್ಲವೂ ಕೋಕೋಬಾಡ್ ಎಂಬ ಸರಕಾರಿ ಮಂಡಳಿಯ ಕೈಗೇ ಬರಬೇಕಾದ್ದರಿಂದ, ಟನ್ನಿಗೆ ಹದಿನಾರು ಮೂಟೆಯಂತೆ ಎಣಿಸಿಟ್ಟ ಲೆಕ್ಕ ಸಿಗುತ್ತದೆ. ಆದರೆ 2024ರಲ್ಲಿ ವಿಶ್ವ ಮಾರುಕಟ್ಟೆಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಇಲ್ಲಿ ರೈತನಿಗೆ ಗೊತ್ತುಪಡಿಸಿದ್ದ ಬೆಲೆ ಬಹಳ ಹಿಂದೆ ಉಳಿದುದರಿಂದ ಮೂಟೆಗಳು ಗಡಿ ದಾಟಿದವು. ಆ ಹಂಗಾಮಿನಲ್ಲಿ ಘಾನಾದ ಕೋಕೋ ಕುಸಿಯಿತೆಂದು ಅಂಕಿ ಹೇಳಿತು. ರೋಗದಿಂದ, ಮುದಿಯಾದ ಮರಗಳಿಂದ, ಅಕ್ರಮ ಚಿನ್ನದ ಗಣಿಗಳು ತೋಟ ನುಂಗಿದ್ದರಿಂದ ಕುಸಿದದ್ದು ನಿಜ, ಆದರೆ ಒಂದಷ್ಟು ಕೋಕೋ ಬೆಳೆದೂ ಲೆಕ್ಕಕ್ಕೆ ಸಿಗದೆ ಹೋಯಿತು.

ನನ್ನ ಗೇರುಬೀಜದ್ದು ಇದಕ್ಕೆ ತದ್ವಿರುದ್ಧ. ಐವರಿ ಕೋಸ್ಟ್ ಗಡಿಗೆ ಅಂಟಿಕೊಂಡಿರುವ ಸಾಂಪಾ ಎಂಬ ಪಟ್ಟಣ ನಮ್ಮ ವ್ಯಾಪಾರದ ಕೇಂದ್ರ. ಆ ದೇಶದ ಕಾನೂನು ಹಸಿ ಗೇರುಬೀಜವನ್ನು ತನ್ನ ಬಂದರುಗಳಿಂದಲೇ ಸಾಗಿಸಬೇಕೆನ್ನುತ್ತದೆ, ಭೂಗಡಿಯ ಮೂಲಕ ಸಾಗಿಸುವುದು ಅಪರಾಧ. ಆದರೂ ಘಾನಾ ಕಡೆ ನಾಲ್ಕು ಕಾಸು ಹೆಚ್ಚು ಸಿಗುವ ವಾರಗಳಲ್ಲಿ ರಾತ್ರಿಯಿಡೀ ಮೂರು ಗಾಲಿಯ ಗಾಡಿಗಳ ಸದ್ದು ಕೇಳಿಸುತ್ತದೆ. ಬೆಳಗಾಗುವಷ್ಟರಲ್ಲಿ ಆ ಬೀಜ ಘಾನಾದ ಗೋಣಿ ಸೇರಿ, ತೇಮಾದಲ್ಲಿ ಹಡಗೇರುವಾಗ ಘಾನಾದ ಬೆಳೆಯಾಗಿರುತ್ತದೆ. ಈ ದೇಶದಿಂದ ರಫ್ತಾಗುವ ಗೇರುಬೀಜ ಇಲ್ಲಿನ ಮರಗಳು ಬಿಡುತ್ತವೆಂದು ಅಂದಾಜಿಸಿದ್ದಕ್ಕಿಂತ ಹೆಚ್ಚಾಗಿರುವುದು ಈ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ. ರಫ್ತಿನ ಅಂಕಿಯನ್ನು ಹಿಡಿದು ಬೆಳೆಯನ್ನು ಅಂದಾಜಿಸಿದರೆ ಘಾನಾ ಬೆಳೆದಂತೆಯೂ ನೆರೆಮನೆ ಸೊರಗಿದಂತೆಯೂ ಕಾಣುತ್ತದೆ; ಮರಗಳಿಗೆ ಇದಾವುದೂ ತಿಳಿಯದು.

ಇನ್ನೊಂದು ಮಾತು ನಿಮಗೆ ಹತ್ತಿರದ್ದು. ಸಾಂಪಾದ ಬೀಜ ಇಲ್ಲಿ ಒಣಗಿ, ಗೋಣಿ ಸೇರಿ, ಲಾರಿಯಲ್ಲಿ ತೇಮಾಕ್ಕೆ ಬರುವವರೆಗಿನ ಮೌಲ್ಯ ಮಾತ್ರ ಘಾನಾದ ಉತ್ಪನ್ನಕ್ಕೆ ಸೇರುತ್ತದೆ. ಅದನ್ನು ಬೇಯಿಸಿ, ಒಡೆದು, ಸಿಪ್ಪೆ ಬಿಡಿಸಿ, ಬಿಳಿ ತಿರುಳನ್ನು ದರ್ಜೆಗಳಾಗಿ ಬೇರ್ಪಡಿಸುವ ಕೆಲಸದ ಮೌಲ್ಯ ವಿಯೆಟ್ನಾಮಿನ ಲೆಕ್ಕಕ್ಕೋ, ಮಂಗಳೂರು-ಕಾರ್ಕಳದ ಕಾರ್ಖಾನೆಗಳ ಮೂಲಕ ಕರ್ನಾಟಕದ ಲೆಕ್ಕಕ್ಕೋ ಹೋಗುತ್ತದೆ. ಟನ್ನುಗಟ್ಟಲೆ ಬೆಳೆದರೂ ಘಾನಾದ ಅಂಕಿ ಅಷ್ಟಾಗಿ ಏರದಿರಲು ಇದೂ ಒಂದು ಕಾರಣ. ನಾನು ಉಣ್ಣುವ ಅನ್ನವೇ ಈ ವ್ಯತ್ಯಾಸದ್ದಾದ್ದರಿಂದ ಇದರ ನ್ಯಾಯಾನ್ಯಾಯದ ಬಗ್ಗೆ ನಾನು ಉಪದೇಶ ಮಾಡಲಾರೆ.

ಚಿನ್ನದ ವಿಷಯದಲ್ಲಿ ಈಚೆಗೆ ನಡೆದುದನ್ನೂ ಗಮನಿಸಿ. ಸಣ್ಣ ಗಣಿಗಾರರ ಚಿನ್ನವನ್ನು ಕೊಳ್ಳುವ ಅಧಿಕಾರವನ್ನೆಲ್ಲ 2025ರಲ್ಲಿ ಗೋಲ್ಡ್‌ಬಾಡ್ ಎಂಬ ಹೊಸ ಮಂಡಳಿಗೆ ಕೊಟ್ಟ ಮೇಲೆ ಅಧಿಕೃತ ರಫ್ತು ಜಿಗಿಯಿತು. ಇದರಲ್ಲಿ ಹೊಸದಾಗಿ ಅಗೆದದ್ದೆಷ್ಟು, ಮೊದಲು ಕಳ್ಳದಾರಿಯಲ್ಲಿ ಹೋಗುತ್ತಿದ್ದು ಈಗ ಬಾಗಿಲಿನಿಂದ ಹೋಗುತ್ತಿರುವುದೆಷ್ಟು ಎಂಬುದನ್ನು ಬೇರ್ಪಡಿಸದೆ ಅದನ್ನು ಬೆಳವಣಿಗೆಯೆಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ತೈಲದ್ದೂ ಎಚ್ಚರದಿಂದ ಓದಬೇಕಾದ ಲೆಕ್ಕ: ಜುಬಿಲಿ ಕ್ಷೇತ್ರದಿಂದ 2010ರ ಡಿಸೆಂಬರ್‌ನಲ್ಲಿ ತೈಲ ಬರತೊಡಗಿತು, 2011ರ ಬೆಳವಣಿಗೆ ಶೇಕಡಾ 14ರಷ್ಟಾಯಿತು. ಆದರೆ ನಡುಗಡಲಿನಲ್ಲಿ ನಿಂತು ತೈಲ ಎತ್ತುವ ಹಡಗಿನಲ್ಲಿ ದುಡಿಯುವವರು ಕೆಲವೇ ಜನ, ಲಾಭದ ದೊಡ್ಡ ಪಾಲು ಹೊರದೇಶದ ಕಂಪನಿಗಳದು. ಅದಕ್ಕೇ ಇಲ್ಲಿನ ಅಂಕಿಅಂಶ ಸಂಸ್ಥೆ ತೈಲವನ್ನು ಬಿಟ್ಟ ಬೆಳವಣಿಗೆ ದರವನ್ನೂ ಬೇರೆಯಾಗಿ ಪ್ರಕಟಿಸುತ್ತದೆ. ನೀವು ಓದಬೇಕಾದದ್ದು ಅದನ್ನು.

ಇಷ್ಟೆಲ್ಲ ಹೇಳಿದ್ದರಿಂದ ಇಲ್ಲಿನ ಅಂಕಿಅಂಶದವರು ಅಪ್ರಾಮಾಣಿಕರೆಂದು ತಿಳಿಯಬೇಡಿ. ನಾವು ಗೇರುಬೀಜ ಕೊಳ್ಳುವಾಗ ಲಾಟಿನ ಅಲ್ಲಲ್ಲಿನ ಗೋಣಿಗಳಿಂದ ಒಂದು ಕಿಲೋದಷ್ಟು ತೆಗೆದು, ಒಂದೊಂದನ್ನೂ ಎರಡು ಹೋಳಾಗಿ ಕತ್ತರಿಸಿ, ಒಳ್ಳೆಯ ತಿರುಳನ್ನು ತೂಗಿ, 80 ಕಿಲೋ ಮೂಟೆಗೆ ಇಷ್ಟು ಪೌಂಡು ತೂಕದ ತಿರುಳು ಎಂದು ಇಡೀ ಲಾಟಿನ ಬೆಲೆ ಕಟ್ಟುತ್ತೇವೆ. ನಲವತ್ತೆಂಟು ಬಂದರೆ ಸಂತೋಷ. ಮಾರುವವನು ಒಳ್ಳೆಯ ಗೋಣಿಗಳನ್ನು ಕೈಗೆ ಸಿಗುವಂತೆ ಮುಂದೆ ಇಟ್ಟಿರುತ್ತಾನೆ, ಹಿಂದಿನ ಸಾಲಿಗೆ ತೂರಿಕೊಂಡು ಹೋಗುವುದೇ ನಮ್ಮ ವಿದ್ಯೆ. ಹತ್ತರಲ್ಲಿ ಎಂಟು ಜನ ಯಾವ ದಫ್ತರಿನಲ್ಲೂ ಹೆಸರಿಲ್ಲದೆ ದುಡಿಯುವ ದೇಶದಲ್ಲಿ, ತೆರಿಗೆ ಕಟ್ಟುವ ದೊಡ್ಡ ಕಂಪನಿಗಳೇ ಮುಂದಿನ ಸಾಲಿನ ಗೋಣಿಗಳು. ಹಿಂದಿನ ಸಾಲನ್ನು ತಲುಪಲು ಇವರು ವ್ಯಾಪಾರ-ಉದ್ದಿಮೆಗಳ ಗಣತಿ ನಡೆಸಿದ್ದಾರೆ, ಕುಟುಂಬ ಸಮೀಕ್ಷೆ ನಡೆಸುತ್ತಾರೆ, 2021ರ ಜನಗಣತಿಯನ್ನು ಟ್ಯಾಬ್ಲೆಟ್ ಹಿಡಿದು ಮಾಡಿ 3.08 ಕೋಟಿ ಜನರನ್ನು ಎಣಿಸಿದ್ದಾರೆ. ನಮ್ಮಲ್ಲಿ 2011ರ ನಂತರ ಆ ಕೆಲಸ ಎಷ್ಟು ಕಾಲ ನಿಂತುಹೋಯಿತೆಂಬುದು ನಿಮಗೇ ಗೊತ್ತು.

ತಪ್ಪು ನಡೆದದ್ದು ಅಂಕಿ ಬರೆದ ಕೈಯಲ್ಲಿ ಅಲ್ಲ, ಅದನ್ನು ತೋರಿಸಿ ಸಾಲ ಎತ್ತಿದ ಕೈಯಲ್ಲಿ ಎಂಬುದು ನನ್ನ ಅಭಿಪ್ರಾಯ. ಉತ್ಪನ್ನದ ಅಂಕಿ ಹಿಗ್ಗಿದಾಗ ಅದಕ್ಕೆ ಹೋಲಿಸಿದರೆ ಸಾಲ ತಾನಾಗಿಯೇ ಚಿಕ್ಕದಾಗಿ ಕಂಡಿತು. ಬಡ ದೇಶಗಳಿಗೆ ಸಿಗುವ ಅಗ್ಗದ ಸಾಲದ ಬಾಗಿಲು ಮೆಲ್ಲಗೆ ಮುಚ್ಚುತ್ತಾ ಬಂತು, 2013ರಿಂದ 2021ರವರೆಗೆ ಬಹುತೇಕ ಪ್ರತಿ ವರ್ಷವೂ ಡಾಲರ್ ಬಾಂಡುಗಳನ್ನು ಮಾರಿ ದುಬಾರಿ ಸಾಲ ತಂದರು. ಆದರೆ ಸಾಲ ತೀರುವುದು ಸರಕಾರದ ಬೊಕ್ಕಸದಿಂದ, ಅಂಕಿಯಿಂದಲ್ಲ. ಹೊಸದಾಗಿ ಲೆಕ್ಕಕ್ಕೆ ಬಂದ ಮಕೋಲಾದ ವ್ಯಾಪಾರಿ ಹೊಸದಾಗಿ ತೆರಿಗೆಯನ್ನೇನೂ ಕಟ್ಟಲಿಲ್ಲ. 2022ರ ಕೊನೆಗೆ ಕಂತು ನಿಂತಿತು, 2023ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ 300 ಕೋಟಿ ಡಾಲರಿನ ನೆರವಿಗೆ ಒಪ್ಪಿತು. ನೀವು ಕೇಳಿದ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ದಿವಾಳಿಯಾದದ್ದು ಸರಕಾರದ ತಿಜೋರಿ, ಬೆಳೆದದ್ದು ಗಣಿ, ಕಟ್ಟಡ, ಸೇವೆಗಳ ವ್ಯವಹಾರ. ಎರಡೂ ಒಂದೇ ದೇಶದಲ್ಲಿ ಒಟ್ಟಿಗೆ ನಡೆಯಬಹುದು.

ಇನ್ನು ಕೆಲಸದ ಮಾತು. 2022ರಲ್ಲಿ ನಾನಿದ್ದ ಕಂಪನಿ ಸಂಬಳವನ್ನು ಡಾಲರಿನಲ್ಲಿ ಗೊತ್ತುಮಾಡಿ, ಕೊಡುವುದನ್ನು ಮಾತ್ರ ಇಲ್ಲಿನ ನಾಣ್ಯವಾದ ಸೆಡಿಯಲ್ಲಿ, ವರ್ಷದ ಆರಂಭದ ದರದಲ್ಲೇ ಕೊಡುತ್ತಿತ್ತು. ಜನವರಿಯಲ್ಲಿ ಡಾಲರಿಗೆ ಆರು ಸೆಡಿ ಇದ್ದದ್ದು ನವೆಂಬರಿನ ಹೊತ್ತಿಗೆ ಹದಿನಾಲ್ಕು ದಾಟಿತು; ಆ ವರ್ಷ ದೇಶ ಶೇಕಡಾ ಮೂರಕ್ಕೂ ಹೆಚ್ಚು ಬೆಳೆಯಿತು, ಊರಿಗೆ ನಾನು ಕಳಿಸುವ ಹಣ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಇದರ ಉಲ್ಟಾ ಕೂಡ ಆಗುತ್ತದೆ: 2024ರ ಕೊನೆಗೆ ಹದಿನಾಲ್ಕು-ಹದಿನೈದರಲ್ಲಿದ್ದ ಡಾಲರು 2025ರ ಮಧ್ಯದಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು, ಡಾಲರಿನಲ್ಲಿ ಸಂಬಳ ಪಡೆಯುವ ಗೆಳೆಯರಿಗೆ ಮನೆಖರ್ಚು ಒಮ್ಮೆಲೇ ಬಿಗಿಯಾಯಿತು. ತಲಾ ಆದಾಯವನ್ನು ಡಾಲರಿನಲ್ಲಿ ತೋರಿಸುವ ಚಿತ್ರಪಟಗಳೆಲ್ಲ ಈ ಏರಿಳಿತವನ್ನೂ ಬೆಳವಣಿಗೆಯೊಂದಿಗೆ ಬೆರೆಸಿಬಿಡುತ್ತವೆ.

ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಬಳ ಯಾವ ನಾಣ್ಯದಲ್ಲಿ, ಯಾವ ದಿನದ ದರದಲ್ಲಿ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಬಾಡಿಗೆಗೆ ಆರು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲವೆಂದು 1963ರ ಕಾನೂನೇ ಇದ್ದರೂ ಅಕ್ರಾದಲ್ಲಿ ಒಂದೆರಡು ವರ್ಷದ್ದನ್ನು ಒಟ್ಟಿಗೆ ಕೇಳುತ್ತಾರೆ, ಅದೂ ಎಷ್ಟೋ ಕಡೆ ಡಾಲರಿನ ಲೆಕ್ಕದಲ್ಲಿ. ಬೆಂಗಳೂರಿನ ಹತ್ತು ತಿಂಗಳ ಠೇವಣಿಯಂತೆ ಅದು ಹಿಂದಿರುಗುವ ಹಣವೂ ಅಲ್ಲ. ಆ ಮೊತ್ತವನ್ನು ಕಂಪನಿಯೇ ಕೊಡುವುದಾದರೆ ಬನ್ನಿ ಎನ್ನುತ್ತೇನೆ. ಫೆಬ್ರವರಿಯಿಂದ ಗೇರುಬೀಜದ ಹಂಗಾಮು, ಆಗ ನಾನು ಸಾಂಪಾದಲ್ಲಿರುತ್ತೇನೆ. ಅದಕ್ಕೆ ಮೊದಲು ಬಂದರೆ ಮಕೋಲಾಕ್ಕೆ ಒಟ್ಟಿಗೆ ಹೋಗೋಣ. ಊರಿನಿಂದ ಬರುವಾಗ ಒಂದು ಸಣ್ಣ ಸ್ಪ್ರಿಂಗ್ ತಕ್ಕಡಿ ತನ್ನಿ, ನನ್ನದು ತುಕ್ಕು ಹಿಡಿದಿದೆ.